ಸಾಲದ ಬರಹವೂ ಅಮಾನತ್ತು

ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಯಾವುದು? ನಮಾಝ್, ಉಪವಾಸ ಅಥವಾ ಹಜ್ಜ್‌ಗೆ ಸಂಬಂಧಿಸಿದ ಸೂಕ್ತವಿರಬೇಕೆಂದು ಹಲವರು ಊಹಿಸುತ್ತಾರೆ. ಆದರೆ ಅದು ಅಲ್ ಬಕರ ಅಧ್ಯಾಯದ 282ನೆಯ ಸೂಕ್ತ. ಅದರ ವಿಷಯ ಸಾಲವನ್ನು ಬರೆದಿಡುವುದು. ಸಾಲ ಸಣ್ಣದಿರಲಿ, ದೊಡ್ಡದಿರಲಿ, ಅವಧಿಯ ಸಹಿತ ಅದನ್ನು ಬರೆಯಲು ಬೇಸರಿಸಬಾರದೆಂದು ಅಲ್ಲಾಹನು ಅಲ್ಲಿ ಆದೇಶಿಸಿದ್ದಾನೆ. ಬರೆಯುವವನು ನ್ಯಾಯದಿಂದ ಬರೆಯಬೇಕು, ಬರೆಯಬಲ್ಲವನು ನಿರಾಕರಿಸಬಾರದು, ಸಾಕ್ಷಿಗಳಿರಬೇಕು, ಬರೆದವನಿಗಾಗಲಿ ಸಾಕ್ಷಿಗಾಗಲಿ ತೊಂದರೆ ಕೊಡಬಾರದು. ಒಂದು ನೋಂದಣಿ ಕಚೇರಿಗೆ ಬೇಕಾದ ಶಿಸ್ತೆಲ್ಲವೂ ಆ ಒಂದೇ ಸೂಕ್ತದಲ್ಲಿದೆ. ಮನುಷ್ಯರ ನಡುವೆ ಸಂಶಯ ಹುಟ್ಟದಿರಲಿ ಎಂಬುದೇ ಅದರ ಉದ್ದೇಶವೆಂದೂ ಅದು ತಿಳಿಸುತ್ತದೆ.

ಪಾಳ್ಯ, ಆಲೂರು, ಸಕಲೇಶಪುರದ ಬೆಟ್ಟಸಾಲಿನಲ್ಲಿ ನಮ್ಮ ಸಮುದಾಯದ ಅನೇಕ ಕುಟುಂಬಗಳು ಕಾಫಿ, ಮೆಣಸು, ಶುಂಠಿ, ಭತ್ತವನ್ನು ನಂಬಿ ಬದುಕುತ್ತಿವೆ. ಕೆಲವರಿಗೆ ಎರಡು ಎಕರೆ ತೋಟ, ಕೆಲವರಿಗೆ ಗದ್ದೆ, ಹಲವರಿಗೆ ಒಂದು ಮನೆ, ಒಂದು ಬಾಡಿಗೆ ವಾಹನ. ಈ ಆಸ್ತಿಗಳಲ್ಲಿ ಬಹುಪಾಲಿನ ಮೇಲೆ ಒಂದಲ್ಲ ಒಂದು ಕಾಲದಲ್ಲಿ ಸೊಸೈಟಿಯ, ಬ್ಯಾಂಕಿನ ಅಥವಾ ಫೈನಾನ್ಸಿನ ಸಾಲ ಕುಳಿತಿರುತ್ತದೆ. ಸಾಲ ಮಾಡುವಾಗಿನ ಚಿಂತೆ ನಮಗೆ ಗೊತ್ತು. ತೀರಿಸುವಾಗಿನ ಬೆವರೂ ಗೊತ್ತು. ಆ ಸಾಲ ಸರ್ಕಾರಿ ದಾಖಲೆಯಲ್ಲಿ ಯಾವ ಹೆಸರಿನಲ್ಲಿ, ಯಾವ ಸರ್ವೆ ನಂಬರಿನ ಮೇಲೆ ಬರೆಯಲ್ಪಟ್ಟಿದೆ, ತೀರಿದ ನಂತರ ಅಳಿಸಲ್ಪಟ್ಟಿದೆಯೇ ಎಂಬ ವಿಚಾರದಲ್ಲಿ ಮಾತ್ರ ನಮ್ಮಲ್ಲಿ ಅಚ್ಚರಿಯ ಉದಾಸೀನವಿದೆ. ಈ ಉದಾಸೀನವು ಕೇವಲ ವ್ಯವಹಾರದ ಅಜಾಗರೂಕತೆಯಲ್ಲ, ಅಮಾನತ್ತಿನಲ್ಲಿ ಮಾಡುವ ಲೋಪ ಎಂಬುದೇ ಈ ಲೇಖನದ ನಿಲುವು.

ಬಡ್ಡಿಯ ಪ್ರಶ್ನೆಯನ್ನು ಇಲ್ಲಿ ಚರ್ಚಿಸುತ್ತಿಲ್ಲ. ಬಡ್ಡಿ ನಿಷಿದ್ಧ, ಅದರಿಂದ ಪಾರಾಗಲು ಪ್ರತಿಯೊಬ್ಬ ವಿಶ್ವಾಸಿಯೂ ಶ್ರಮಿಸಬೇಕು. ಆದರೆ ಒಂದು ರೂಪಾಯಿಯನ್ನೂ ಸಾಲವಾಗಿ ಪಡೆಯದವನೂ ನಾಳೆ ಜಮೀನು ಕೊಳ್ಳುತ್ತಾನೆ, ತಂದೆಯ ಆಸ್ತಿಗೆ ವಾರಸುದಾರನಾಗುತ್ತಾನೆ. ಆಗ ಬೇರೆಯವರು ಮಾಡಿದ ಸಾಲದ ಬರಹ ಅವನ ಮನೆಬಾಗಿಲಿಗೂ ಬರುತ್ತದೆ.

ಬರೆಸುವ ಹೊಣೆ ಸಾಲಗಾರನದು

ಮೇಲಿನ ಸೂಕ್ತದಲ್ಲಿ ನಾವು ಗಮನಿಸದೆ ದಾಟಿ ಹೋಗುವ ಒಂದು ಅಂಶವಿದೆ. ಸಾಲದ ಪತ್ರವನ್ನು ಹೇಳಿ ಬರೆಸುವ ಹೊಣೆಯನ್ನು ಅಲ್ಲಾಹನು ಸಾಲ ಕೊಟ್ಟವನಿಗೆ ವಹಿಸಿಲ್ಲ. ಸಾಲ ಪಡೆದವನಿಗೆ ವಹಿಸಿದ್ದಾನೆ. ಆತ ಅಸಮರ್ಥನಾಗಿದ್ದರೆ ಅವನ ಪೋಷಕನು ನ್ಯಾಯದಿಂದ ಬರೆಸಬೇಕು. ಯಾರ ತಲೆಯ ಮೇಲೆ ಭಾರ ಬೀಳುವುದೋ ಅವನ ಬಾಯಿಯಿಂದಲೇ ಆ ಭಾರದ ವಿವರ ಬರಬೇಕೆಂಬುದು ಇದರ ಯುಕ್ತಿ.

ಇಂದು ನಡೆಯುತ್ತಿರುವುದೇನು? ಬ್ಯಾಂಕಿನ ಮೇಜಿನ ಮೇಲೆ ಹಲವು ಪುಟಗಳ ಇಂಗ್ಲಿಷ್ ಅರ್ಜಿ. ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಹಾಕಿ ನಾವು ಹೊರಬರುತ್ತೇವೆ. ಖಾಲಿ ಜಾಗಗಳನ್ನು ನಂತರ ಬೇರೆ ಯಾರೋ ತುಂಬುತ್ತಾರೆ. ಹೆಸರು, ತಂದೆಯ ಹೆಸರು, ಗ್ರಾಮ, ಹೋಬಳಿ, ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ ಎಲ್ಲವೂ ಅಲ್ಲಿಂದಲೇ ದಾಖಲೆಗೆ ಸೇರುತ್ತವೆ. ಕೃಷಿ ಸಾಲವಾದರೆ 1974ರ ಕರ್ನಾಟಕ ಕೃಷಿ ಸಾಲ ಕಾರ್ಯಾಚರಣೆಗಳ ಕಾಯ್ದೆಯಡಿ ರೈತ ಬರೆದುಕೊಡುವ ಘೋಷಣಾ ಪತ್ರದ ಆಧಾರದ ಮೇಲೆ ಜಮೀನಿನ ಮೇಲೆ ಋಣ ಕೂರುತ್ತದೆ. ಅದು ಪಹಣಿಯ 11ನೆಯ ಕಾಲಂನಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರು, ಮೊತ್ತದೊಡನೆ ಕಾಣಿಸಿಕೊಳ್ಳುತ್ತದೆ. ಘೋಷಣೆ ಎಂದರೆ ಘೋಷಿಸುವವನ ಮಾತು. ಅದು ನಮ್ಮ ಮಾತೇ ಆಗಿರುವಾಗ ಅದನ್ನು ಓದಿಸಿ ಕೇಳದೆ ಸಹಿ ಹಾಕುವುದು ಸರಿಯೇ?

ಓದಲು ಬಾರದಿದ್ದರೆ ಓದಬಲ್ಲ ಮಗಳನ್ನೋ ಮಗನನ್ನೋ ಜೊತೆಗೆ ಕರೆದೊಯ್ಯಬೇಕು. ಖಾಲಿ ಕಾಗದಕ್ಕೆ ಸಹಿ ಹಾಕಲೇಬಾರದು. ಸಹಿ ಹಾಕಿದ ಪ್ರತಿಯೊಂದು ಪತ್ರದ ನಕಲನ್ನೂ ಕೇಳಿ ಪಡೆಯಬೇಕು. ಕೇಳಿದರೆ ಅಧಿಕಾರಿಗೆ ಬೇಸರವಾದೀತೆಂಬ ಸಂಕೋಚ ಬೇಡ. ಬರೆಯಲು ಬೇಸರಿಸಬಾರದೆಂಬ ಆದೇಶ ಎರಡೂ ಕಡೆಯವರಿಗೆ ಅನ್ವಯಿಸುತ್ತದೆ.

ಒಂದೇ ಮನುಷ್ಯ, ಹಲವು ಹೆಸರು

ಕರ್ನಾಟಕದ ಕಂದಾಯ ದಾಖಲೆಗಳಲ್ಲಿ ಒಂದು ಕುತೂಹಲದ ಸಂಗತಿಯಿದೆ. ಯಾವ ಧರ್ಮದವರೇ ಆಗಿರಲಿ, ತಂದೆಯ ಹೆಸರನ್ನು ಸೂಚಿಸಲು ಅಲ್ಲಿ ಬಳಸುವ ಪದ ‘ಬಿನ್’. ಅದು ಅರಬಿ ಮೂಲದ ಪದ. ಹಕ್ಕು, ದಾಖಲೆ, ಬಾಕಿ, ಕಬ್ಜಾ ಎಂಬ ಪದಗಳೂ ಹಾಗೆಯೇ ಬಂದಂಥವು. ವಿಪರ್ಯಾಸವೆಂದರೆ, ಅರಬಿ ಪದಗಳಿಂದ ತುಂಬಿರುವ ಈ ದಾಖಲೆಗಳಲ್ಲಿ ಅತಿ ಹೆಚ್ಚು ತಪ್ಪಾಗಿ ಬರೆಯಲ್ಪಡುವ ಹೆಸರುಗಳಲ್ಲಿ ನಮ್ಮ ಅರಬಿ ಹೆಸರುಗಳೂ ಸೇರಿವೆ.

ಕಾರಣ ಸರಳ. ನಮ್ಮ ಮನೆಗಳಲ್ಲಿ ಹೆಸರನ್ನು ಕರೆಯುವ ರೀತಿ ಒಂದು, ಮದ್ರಸದಲ್ಲಿ ಬರೆಯುವ ರೀತಿ ಇನ್ನೊಂದು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಬ್ಯಾರಿ ಕುಟುಂಬಗಳಲ್ಲಿ ಒಂದು ಉಚ್ಚಾರ, ದಖನಿ ಉರ್ದು ಆಡುವ ಮನೆಗಳಲ್ಲಿ ಇನ್ನೊಂದು. ಆಧಾರ್ ಚೀಟಿಯಲ್ಲಿ ಇಂಗ್ಲಿಷ್ ಕಾಗುಣಿತ, ಅದನ್ನು ಮತ್ತೆ ಕನ್ನಡಕ್ಕೆ ತಂದಾಗ ಇನ್ನೂ ಒಂದು ರೂಪ. ಮುಹಮ್ಮದ್, ಮಹಮ್ಮದ್, ಮೊಹಮ್ಮದ್, ಮಹಮದ್. ಅಬ್ದುಲ್ ರಹ್ಮಾನ್, ಅಬ್ದುಲ್ ರೆಹಮಾನ್, ಅಬ್ದುರ್ರಹ್ಮಾನ್, ಅಬ್ದುಲ್‌ರಹಿಮಾನ್ ಸಾಬ್. ಫಾತಿಮಾ, ಪಾತಿಮ, ಫಾತಿಮಾಬಿ, ಪಾತುಮ್ಮ. ಊರಿನವರಿಗೆ ಇವರೆಲ್ಲ ಒಬ್ಬರೇ. ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವ ಕಂಪ್ಯೂಟರಿಗೆ ಅವರು ನಾಲ್ಕು ಮಂದಿ.

ಸುಮಾರು 2000ದ ಹೊತ್ತಿಗೆ ಭೂಮಿ ಯೋಜನೆಯ ಮೂಲಕ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಬಂದವು. ಅದಕ್ಕೆ ಮೊದಲು ಹೆಸರು ಸ್ವಲ್ಪ ತಪ್ಪಿದ್ದರೂ ಪುಸ್ತಕ ತಿರುವುತ್ತಿದ್ದ ಗ್ರಾಮ ಲೆಕ್ಕಿಗನ ಕಣ್ಣು ಅದನ್ನು ಗುರುತಿಸುತ್ತಿತ್ತು. ಈಗ ಹುಡುಕುವುದು ಯಂತ್ರ. ಹೀಗಾಗಿ ತಪ್ಪು ಕಾಗುಣಿತವು ಎರಡು ಬಗೆಯ ಅನ್ಯಾಯಕ್ಕೆ ದಾರಿ ಮಾಡುತ್ತದೆ. ಮೊದಲನೆಯದು, ಇರುವ ಸಾಲ ಕಾಣದೆ ಹೋಗುವುದು: ಕೊಳ್ಳುವವನು ಒಂದು ರೂಪದಲ್ಲಿ ಹೆಸರು ಹುಡುಕುತ್ತಾನೆ, ಸಾಲ ಇನ್ನೊಂದು ರೂಪದಲ್ಲಿ ಕುಳಿತಿರುತ್ತದೆ. ಎರಡನೆಯದು, ಇಲ್ಲದ ಸಾಲ ತಲೆಗೆ ಬರುವುದು: ಅದೇ ಊರಿನಲ್ಲಿ ಅದೇ ಹೆಸರಿನ ಇನ್ನೊಬ್ಬನ ಸಾಲ ನಮ್ಮ ಪಹಣಿಗೆ ಸೇರಿಕೊಳ್ಳುತ್ತದೆ. ಒಂದೇ ಹೋಬಳಿಯಲ್ಲಿ ಒಂದೇ ಹೆಸರಿನ, ತಂದೆಯ ಹೆಸರೂ ಒಂದೇ ಆಗಿರುವ ಇಬ್ಬರು ಇರುವುದು ನಮ್ಮ ಸಮುದಾಯದಲ್ಲಿ ಅಪರೂಪವಲ್ಲ.

ಆದ್ದರಿಂದ ಪ್ರತಿ ಕುಟುಂಬವೂ ಒಂದು ರೂಪವನ್ನು ನಿಶ್ಚಯಿಸಿಕೊಳ್ಳುವುದು ಒಳಿತು. ಆಧಾರ್, ಪಹಣಿ, ಬ್ಯಾಂಕ್ ಪುಸ್ತಕ, ಕ್ರಯಪತ್ರ ಈ ನಾಲ್ಕರಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಒಮ್ಮೆ ಎದುರುಬದುರು ಇಟ್ಟು ನೋಡಿ. ಬೇರೆಯಾಗಿದ್ದರೆ ಸಾಲ ಪಡೆಯುವ ಮೊದಲೇ ತಹಶೀಲ್ದಾರರ ಕಚೇರಿಯಲ್ಲಿ ತಿದ್ದುಪಡಿಗೆ ಅರ್ಜಿ ಕೊಡಿ. ನೋಂದಾಯಿತ ಪತ್ರದಲ್ಲೇ ತಪ್ಪಿದ್ದರೆ ಅದನ್ನು ಬರೆದುಕೊಟ್ಟವರೂ ಬರೆಸಿಕೊಂಡವರೂ ಸೇರಿ ತಿದ್ದುಪಡಿ ಪತ್ರ ನೋಂದಾಯಿಸಬೇಕು. ಸಹಿ ಹಾಕುವವರು ಬದುಕಿರುವಾಗ ಇದು ಅರ್ಧ ದಿನದ ಕೆಲಸವಾಗಬಹುದು. ಅವರು ತೀರಿಹೋದ ನಂತರ ಅದೇ ತಪ್ಪಿಗಾಗಿ ಮಕ್ಕಳು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು.

ಜಮೀನಿಗೂ ಹೆಸರು ಬದಲಾಗುತ್ತದೆ

ಮನುಷ್ಯನಿಗೆ ಹೇಗೋ ಜಮೀನಿಗೂ ಹಾಗೆಯೇ. ಅದರ ಹೆಸರು ಸರ್ವೆ ನಂಬರು. ಅಣ್ಣತಮ್ಮಂದಿರು ಪಾಲಾದಾಗ, ಒಂದು ಭಾಗ ಮಾರಾಟವಾದಾಗ ಪೋಡಿ ಆಗುತ್ತದೆ. ಹಳೆಯ ನಂಬರು ಒಡೆದು ಹೊಸ ಹಿಸ್ಸಾಗಳು ಹುಟ್ಟುತ್ತವೆ. ತಂದೆಯ ಕಾಲದಲ್ಲಿ ಮೂಲ ನಂಬರಿನ ಮೇಲೆ ಬರೆಯಲ್ಪಟ್ಟ ಅಡಮಾನ ಹೊಸ ಹಿಸ್ಸಾದ ಹೆಸರಿನಲ್ಲಿ ಹುಡುಕಿದರೆ ಸಿಗದೇ ಹೋಗಬಹುದು. ಸಿಗಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆಂದಲ್ಲ. ಹೊಸ ನಂಬರಿನ ಜೊತೆಗೆ ಅದು ಯಾವ ನಂಬರಿನಿಂದ ಒಡೆದು ಬಂದಿತೋ ಆ ಮೂಲ ನಂಬರನ್ನೂ ಹುಡುಕಿಸಬೇಕು. ಊರಿನ ಮನೆಗಳ ವಿಷಯದಲ್ಲೂ ಹೀಗೆಯೇ. ಪಂಚಾಯಿತಿಯ ಹಳೆಯ ಖಾತೆ ಸಂಖ್ಯೆ ಒಂದು, ಇ-ಸ್ವತ್ತಿನ ಸಂಖ್ಯೆ ಇನ್ನೊಂದು. ಎರಡನ್ನೂ ಬರೆದಿಟ್ಟುಕೊಂಡು, ಚೆಕ್ಕುಬಂದಿಯನ್ನು ಸ್ಥಳದಲ್ಲಿ ನಿಂತು ತಾಳೆ ನೋಡಬೇಕು.

ಜಂಟಿ ಖಾತೆಯ ಜಮೀನಿನಲ್ಲಿ ಇನ್ನೂ ಸೂಕ್ಷ್ಮ ಸಂಗತಿಯಿದೆ. ಮೂವರು ಅಣ್ಣತಮ್ಮಂದಿರು, ಇಬ್ಬರು ಅಕ್ಕತಂಗಿಯರಿಗೆ ಸೇರಿದ ಆರು ಎಕರೆ ಇದೆ ಎಂದಿಟ್ಟುಕೊಳ್ಳಿ. ಹಿರಿಯಣ್ಣ ತನ್ನ ಪಾಲಿನ ಮೇಲೆ ಸಾಲ ತೆಗೆಯುತ್ತಾನೆ. ಪತ್ರದಲ್ಲಿ ಪಾಲಿನ ವಿಸ್ತೀರ್ಣವನ್ನು ಬಿಡಿಸಿ ಬರೆಯದೆ ಇಡೀ ಸರ್ವೆ ನಂಬರನ್ನು ಬರೆದರೆ, ಒಪ್ಪಿಗೆ ಕೊಡದ, ಒಂದು ಪೈಸೆ ಕಾಣದ ತಂಗಿಯ ಪಾಲೂ ಪಹಣಿಯಲ್ಲಿ ಋಣದ ಕೆಳಗೆ ಬಂದಂತೆ ಕಾಣುತ್ತದೆ. ಅವಳು ನಾಳೆ ಮಗಳ ಮದುವೆಗೋ ಮಗನ ಓದಿಗೋ ಆ ಪಾಲನ್ನು ಮಾರಲು ಹೊರಟರೆ ಕೊಳ್ಳುವವರು ಹಿಂದೆಗೆಯುತ್ತಾರೆ. ಅಣ್ಣ ಅವಳಿಗೆ ಕೆಡುಕು ಬಯಸಿರಲಾರ. ಆದರೆ ಬರಹದಲ್ಲಿ ತೋರಿದ ಅಲಕ್ಷ್ಯ ಅವಳ ಹಕ್ಕನ್ನು ಕಟ್ಟಿಹಾಕಿತು. ಅಲ್ಲಾಹನು ಹೆಣ್ಣಿಗೆ ನಿಗದಿಪಡಿಸಿದ ಪಾಲನ್ನು ನಾವು ಬಾಯಿಮಾತಿನಲ್ಲಿ ಒಪ್ಪಿ, ಕಾಗದದಲ್ಲಿ ಒತ್ತೆಯಿಟ್ಟರೆ ಅದಕ್ಕೆ ಉತ್ತರ ಕೊಡಬೇಕಾದವರು ಯಾರು?

ಹಣ ಕಟ್ಟಿದ ಮರುದಿನ

ಸಾಲಗಾರನಾಗಿ ಮೃತಪಟ್ಟ ಒಬ್ಬರ ಜನಾಝವನ್ನು ಪ್ರವಾದಿ(ಸ)ರ ಮುಂದೆ ತಂದ ಘಟನೆ ನಮಗೆಲ್ಲ ತಿಳಿದದ್ದೇ. ಸಾಲದ ಕಾರಣ ಪ್ರವಾದಿ(ಸ)ರು ನಮಾಝ್‌ಗೆ ಮುಂದಾಗಲಿಲ್ಲ. ಅಬೂ ಕತಾದ(ರ) ಆ ಕೆಲವು ದೀನಾರುಗಳ ಹೊಣೆ ಹೊತ್ತ ನಂತರವೇ ನಮಾಝ್ ನೆರವೇರಿತು. ಜಾಬಿರ್(ರ)ರ ವರದಿಯಲ್ಲಿ ಇದರ ಮುಂದಿನ ಭಾಗವೂ ಇದೆ. ಅದನ್ನು ನಾವು ಕಡಿಮೆ ಕೇಳಿರುತ್ತೇವೆ. ನಂತರ ಅಬೂ ಕತಾದ(ರ)ರನ್ನು ಕಂಡಾಗ ಪ್ರವಾದಿ(ಸ)ರು ಆ ದೀನಾರುಗಳು ಏನಾದವೆಂದು ವಿಚಾರಿಸಿದರು. ಸಂದಾಯವಾಯಿತೆಂದು ತಿಳಿದ ಬಳಿಕವೇ ಮೃತನಿಗೆ ಈಗ ನೆಮ್ಮದಿ ದೊರೆಯಿತೆಂಬ ಅರ್ಥದ ಮಾತನ್ನಾಡಿದರು. ಹೊಣೆ ಹೊತ್ತ ಮಾತಿಗೇ ಅವರು ತೃಪ್ತರಾಗಲಿಲ್ಲ. ತೀರಿತೇ ಎಂದು ಕೇಳಿ ಖಚಿತಪಡಿಸಿಕೊಂಡರು.

ನಾವಾದರೋ ಕೊನೆಯ ಕಂತು ಕಟ್ಟಿ, ರಸೀದಿ ಮಡಚಿ ಜೇಬಿಗಿಟ್ಟು, ‘ಅಲ್‌ಹಮ್ದುಲಿಲ್ಲಾಹ್, ತೀರಿತು’ ಎಂದು ಮನೆಗೆ ಬರುತ್ತೇವೆ. ಬ್ಯಾಂಕಿನ ಲೆಕ್ಕದಲ್ಲಿ ತೀರಿರಬಹುದು. ಪಹಣಿಯ 11ನೆಯ ಕಾಲಂನಲ್ಲಿ ಅದು ಹಾಗೆಯೇ ನಿಂತಿರಬಹುದು. ಹಣ ಕಟ್ಟುವುದು ಒಂದು ಕಡೆ, ಋಣ ತೆಗೆಸುವುದು ಇನ್ನೊಂದು ಕಡೆ. ಒಂದು ಮುಗಿದ ಮಾತ್ರಕ್ಕೆ ಇನ್ನೊಂದು ತಾನಾಗಿ ಮುಗಿಯಿತೆಂದು ಭಾವಿಸಬಾರದು. ಸಾಲಮನ್ನಾ ಆದ ಖಾತೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಆದ್ದರಿಂದ ಹಣ ಕಟ್ಟಿದ ದಿನವೇ ಬೇಬಾಕಿ ಪತ್ರ ಕೇಳಿ. ಅದರಲ್ಲಿ ಸಾಲದ ಖಾತೆ ಸಂಖ್ಯೆ ಮತ್ತು ಅಡಮಾನವಿಟ್ಟ ಎಲ್ಲ ಸರ್ವೆ ನಂಬರುಗಳೂ ಇವೆಯೇ ನೋಡಿ. ಮೂರು ನಂಬರುಗಳ ಮೇಲೆ ಸಾಲವಿದ್ದು ಪತ್ರದಲ್ಲಿ ಒಂದನ್ನೇ ಬರೆದರೆ ಉಳಿದ ಎರಡು ಬಂಧನದಲ್ಲೇ ಉಳಿಯುತ್ತವೆ. ಒಂದೇ ಜಮೀನಿನ ಮೇಲೆ ಸೊಸೈಟಿಯ ಬೆಳೆಸಾಲವೂ ಬ್ಯಾಂಕಿನ ಅಭಿವೃದ್ಧಿ ಸಾಲವೂ ಇದ್ದರೆ ಎರಡಕ್ಕೂ ಬೇರೆ ಬೇರೆ ಪತ್ರ ಬೇಕು. ಅಡಮಾನ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಅದರ ಬಿಡುಗಡೆಯೂ ಅಲ್ಲಿಯೇ ದಾಖಲಾಗಬೇಕು. ಕೆಲವು ವಾರಗಳ ನಂತರ ನಾಡಕಚೇರಿಯಿಂದ ಹೊಸ ಪಹಣಿ ತೆಗೆಸಿ, ಕಾಲಂ ಖಾಲಿಯಾಗಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ಸಾಲ ತೀರಿತೆಂದು ಮನೆಯವರಿಗೆ ಹೇಳಿ.

ಕಾನೂನೂ ಈ ದಿಕ್ಕಿನಲ್ಲಿ ನೆರವಾಗಿದೆ. ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗೃಹಸಾಲವೂ ಸೇರಿದಂತೆ ವೈಯಕ್ತಿಕ ಸಾಲಗಳು ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕುಗಳು ಮೂಲ ಆಸ್ತಿಪತ್ರಗಳನ್ನು ಮರಳಿಸಬೇಕು. ನೋಂದಣಿಯಾದ ಋಣವನ್ನೂ ತೆಗೆಸಬೇಕು. ತಮ್ಮ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಬೆಳೆಸಾಲ ಈ ವರ್ಗಕ್ಕೆ ಸೇರುವುದಿಲ್ಲವಾದ್ದರಿಂದ ತೋಟ, ಗದ್ದೆಯ ಸಾಲದಲ್ಲಿ ನಮ್ಮ ಎಚ್ಚರವೇ ಮುಖ್ಯ. ವಾಹನ ಸಾಲ ತೀರಿಸಿದ ಯುವಕರೂ ನೆನಪಿಡಬೇಕು: ಫೈನಾನ್ಸಿನವರ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35ನ್ನು ಆರ್‌ಟಿಒ ಕಚೇರಿಗೆ ಸಲ್ಲಿಸಿ, ಆರ್‌ಸಿಯಲ್ಲಿರುವ ಫೈನಾನ್ಸಿನ ಹೆಸರನ್ನು ತೆಗೆಸುವವರೆಗೆ ಆ ವಾಹನ ದಾಖಲೆಯಲ್ಲಿ ಪೂರ್ತಿ ನಿಮ್ಮದಲ್ಲ.

ನಾಲ್ಕು ಹಜ್ಜ್‌ಗಳ ಕಾಲ ಸಾರಿದ ಮಗ

ಹುಡುಕುವುದು ಎಷ್ಟರ ಮಟ್ಟಿಗೆ ಇರಬೇಕು ಎಂಬುದಕ್ಕೆ ಇಸ್ಲಾಮೀ ಇತಿಹಾಸದಲ್ಲಿ ಬೆರಗುಗೊಳಿಸುವ ಮಾದರಿಯಿದೆ. ಸಹೀಹುಲ್ ಬುಖಾರಿಯಲ್ಲಿ ಅದು ವಿವರವಾಗಿ ವರದಿಯಾಗಿದೆ. ಝುಬೈರ್ ಬಿನ್ ಅವ್ವಾಮ್(ರ) ಮೃತರಾದಾಗ ಅವರ ಬಳಿ ನಗದು ಇರಲಿಲ್ಲ, ಜಮೀನು, ಮನೆಗಳಿದ್ದವು. ಜೊತೆಗೆ 22 ಲಕ್ಷದಷ್ಟು ಸಾಲವಿತ್ತು. ಜನರು ಅವರ ಬಳಿ ಹಣವನ್ನು ಅಮಾನತ್ತಾಗಿ ಇಡಲು ಬಂದಾಗ, ಅದು ಕಳೆದುಹೋದರೆ ಕೊಟ್ಟವರಿಗೆ ನಷ್ಟವಾದೀತೆಂದು ಅವರು ಅದನ್ನು ಸಾಲವೆಂದೇ ಸ್ವೀಕರಿಸುತ್ತಿದ್ದರು. ಹಾಗೆ ಬೆಳೆದ ಸಾಲವದು. ಮಗ ಅಬ್ದುಲ್ಲಾ ಬಿನ್ ಝುಬೈರ್(ರ) ಆಸ್ತಿ ಮಾರಿ ಎಲ್ಲವನ್ನೂ ತೀರಿಸಿದರು. ಬಳಿಕ ವಾರಸುದಾರರು ತಮ್ಮ ಪಾಲು ಕೇಳಿದರು. ಅವರು ಒಪ್ಪಲಿಲ್ಲ. ತಂದೆಯಿಂದ ಬರಬೇಕಾದದ್ದು ಯಾರಿಗಾದರೂ ಇದ್ದರೆ ಬಂದು ಪಡೆಯಲಿ ಎಂದು ನಾಲ್ಕು ವರ್ಷ, ಪ್ರತಿ ಹಜ್ಜ್‌ನ ಕಾಲದಲ್ಲಿ ಸಾರಿದರು. ಯಾರೂ ಉಳಿದಿಲ್ಲವೆಂದು ಖಚಿತವಾದ ಮೇಲೆಯೇ ಪಾಲು ಮಾಡಿದರು.

ಅಂದು ನೋಂದಣಿ ಕಚೇರಿ ಇರಲಿಲ್ಲ. ದೂರದೂರದ ಜನರೆಲ್ಲ ಸೇರುವ ಜಾಗವೆಂದರೆ ಹಜ್ಜ್. ಅತಿ ಹೆಚ್ಚು ಜನರಿಗೆ ಕೇಳಿಸುವ ಕಡೆ, ಮತ್ತೆ ಮತ್ತೆ ಹುಡುಕಿದರು. ಅನ್ನಿಸಾ ಅಧ್ಯಾಯದ 11 ಮತ್ತು 12ನೆಯ ಸೂಕ್ತಗಳಲ್ಲಿ ಪಾಲುಗಳನ್ನು ವಿವರಿಸುವಾಗ, ವಸಿಯ್ಯತ್ ಮತ್ತು ಸಾಲ ಸಂದಾಯವಾದ ನಂತರ ಎಂಬ ನಿಬಂಧನೆಯನ್ನು ಅಲ್ಲಾಹನು ಪದೇಪದೇ ನೆನಪಿಸಿದ್ದಾನೆ. ಅದನ್ನು ಅವರು ಅಕ್ಷರಶಃ ಪಾಲಿಸಿದರು.

ಇಂದು ನಮಗೆ ನಾಲ್ಕು ವರ್ಷ ಬೇಕಿಲ್ಲ. ಆದರೆ ಒಂದು ಕಡೆ ಮಾತ್ರ ನೋಡಿ ಸುಮ್ಮನಾಗಬಾರದು. ಜಮೀನು ಕೊಳ್ಳುವವರೂ ಪಾಲು ಮಾಡಿಕೊಳ್ಳುವವರೂ ಕನಿಷ್ಠ ಮೂರು ಕಡೆ ನೋಡಬೇಕು.

ಮೊದಲನೆಯದು ಪಹಣಿ. ಇತ್ತೀಚಿನ ಒಂದನ್ನಷ್ಟೇ ನೋಡದೆ ಹಿಂದಿನ ವರ್ಷಗಳದ್ದನ್ನೂ ತೆಗೆಸಿ, 9ನೆಯ ಕಾಲಂನ ಮಾಲೀಕರ ಹೆಸರು ಮತ್ತು 11ನೆಯ ಕಾಲಂನ ಋಣ ಎರಡನ್ನೂ ಓದಬೇಕು.

ಎರಡನೆಯದು ಉಪನೋಂದಣಿ ಕಚೇರಿಯ ಋಣಭಾರ ಪತ್ರ. ಜನ ಇದನ್ನು ಇಸಿ ಎನ್ನುತ್ತಾರೆ. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. 2023ರಲ್ಲಿ ಬಂದ ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಆದರೆ ಆನ್‌ಲೈನ್ ದಾಖಲೆ ಸಾಮಾನ್ಯವಾಗಿ 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಪುಸ್ತಕಗಳನ್ನೇ ಹುಡುಕಿಸಬೇಕು. ನಮೂನೆ 16 ಕೈಗೆ ಬಂದ ಕೂಡಲೇ ಜಮೀನು ಶುದ್ಧವೆಂದು ಸಂಭ್ರಮಿಸುವವರು, ಅರ್ಜಿಯಲ್ಲಿ ತಾವು ಬರೆದ ಸರ್ವೆ ನಂಬರು, ಗ್ರಾಮ, ಅವಧಿ ಸರಿಯಿತ್ತೇ ಎಂದು ಮೊದಲು ನೋಡಿಕೊಳ್ಳಲಿ. ತಪ್ಪು ನಂಬರಿಗೂ ಖಾಲಿ ಪತ್ರ ಬರುತ್ತದೆ.

ಮೂರನೆಯದು ಸೆರ್ಸಾಯ್ ಎಂದು ಕರೆಯಲ್ಪಡುವ ಕೇಂದ್ರ ನೋಂದಣಿ ಸಂಸ್ಥೆ. ಒಂದೇ ಆಸ್ತಿಯನ್ನು ಹಲವು ಬ್ಯಾಂಕುಗಳಿಗೆ ಅಡವಿಟ್ಟು ವಂಚಿಸುವುದನ್ನು ತಡೆಯಲು 2002ರ ಸರ್ಫೇಸಿ ಕಾಯ್ದೆಯಡಿ 2011ರಲ್ಲಿ ಇದು ಆರಂಭವಾಯಿತು. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಇಸಿಯಲ್ಲಿ ಕಾಣದಿದ್ದರೂ ಇಲ್ಲಿ ಕಾಣಬಹುದು. ಅಲ್ಪ ಶುಲ್ಕ ತೆತ್ತು ಯಾರು ಬೇಕಾದರೂ ಹುಡುಕಬಹುದು. ಮಾರುವವನು ಮೂಲ ಕ್ರಯಪತ್ರ ತೋರಿಸದೆ ನಕಲನ್ನಷ್ಟೇ ತೋರಿಸಿದರೆ ಈ ಹುಡುಕಾಟ ಅನಿವಾರ್ಯ.

ಎಲ್ಲ ಕಡೆಯೂ ಹೆಸರಿನ ಸಾಧ್ಯವಿರುವ ರೂಪಗಳನ್ನೆಲ್ಲ ಪಟ್ಟಿ ಮಾಡಿ ಹುಡುಕಬೇಕು. ಆಸ್ತಿಯ ವಿವರದಿಂದಲೂ ಹುಡುಕಬೇಕು. 1908ರ ನೋಂದಣಿ ಕಾಯ್ದೆಯೇ ಹೆಸರುಗಳಿಗೊಂದು, ಆಸ್ತಿಗಳಿಗೊಂದು ಸೂಚಿಯನ್ನು ಇಡಲು ವಿಧಿಸಿದೆ. ಒಂದರಲ್ಲಿ ತಪ್ಪಿದ್ದು ಇನ್ನೊಂದರಲ್ಲಿ ಸಿಗಲಿ ಎಂಬುದು ಅದರ ಪ್ರಯೋಜನ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ, ನೋಂದಣಿಯಾಗಿ ಸೂಚಿಯಲ್ಲಿ ಸರಿಯಾಗಿ ನಮೂದಾದ ಅಡಮಾನದ ಬಗ್ಗೆ ಕೊಳ್ಳುವವನಿಗೆ ತಿಳಿದಿತ್ತೆಂದೇ ಪರಿಗಣಿಸಲಾಗುತ್ತದೆ. ‘ನಾನು ನೋಡಿರಲಿಲ್ಲ’ ಎಂಬುದು ಅಲ್ಲಿ ನೆಪವಾಗದು. ಸೂಚಿಯಲ್ಲೇ ತಪ್ಪಿದ್ದರೆ ಆಗ ಇಬ್ಬರಿಗೂ ವ್ಯಾಜ್ಯವೇ ಗತಿ.

‘ನಮ್ಮವರ ನಡುವೆ ಬರಹವೇಕೆ?’

ಇಷ್ಟನ್ನು ಓದಿದ ಮೇಲೆ ಕೆಲವರಿಗೆ ಒಂದು ಆಕ್ಷೇಪ ಹೊಳೆಯಬಹುದು. ಮಾರುವವನು ನಮ್ಮ ಮಹಲ್ಲಿನವನೇ, ಭಾವನೇ, ಚಿಕ್ಕಪ್ಪನೇ. ಅವನ ಮೇಲೆ ಇಷ್ಟೆಲ್ಲ ತನಿಖೆ ಮಾಡಿದರೆ ಸಂಶಯ ಪಟ್ಟಂತಾಗುವುದಿಲ್ಲವೇ? ಸಂಬಂಧ ಕೆಡುವುದಿಲ್ಲವೇ? ಈ ಸಂಕೋಚದಲ್ಲಿ ಒಳ್ಳೆಯತನವಿದೆ, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಸಾಲವನ್ನು ಬರೆದಿಡಬೇಕೆಂಬ ಆದೇಶದ ಸಂಬೋಧನೆಯನ್ನು ಗಮನಿಸಿ. ಅದು ಸತ್ಯವಿಶ್ವಾಸಿಗಳನ್ನು ಕುರಿತದ್ದು. ಪರಸ್ಪರ ನಂಬಿಕೆ ಇರಬೇಕಾದ ಸಮುದಾಯಕ್ಕೇ ಬರೆದಿಡಿರೆಂದು ಹೇಳಲಾಗಿದೆ. ಬರಹ ನಂಬಿಕೆಗೆ ಶತ್ರುವಲ್ಲ. ಮರೆವು, ಮರಣ ಮತ್ತು ಮಕ್ಕಳ ನಡುವಿನ ಜಗಳದಿಂದ ನಂಬಿಕೆಯನ್ನು ಕಾಯುವ ಬೇಲಿ. ನಾವು ನಂಬಿದ ಭಾವ ನಾಳೆ ಇಲ್ಲವಾದರೆ ನಮ್ಮ ಮಾತುಕತೆ ಅವನ ಮಕ್ಕಳಿಗೆ ತಿಳಿದಿರುತ್ತದೆಯೇ?

ಮಾರುವವನಿಗೂ ಇಲ್ಲಿ ಪಾಠವಿದೆ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರವಾದಿ(ಸ)ರಿಗೆ ಒಳಗೆ ತೇವ ಸಿಕ್ಕಿತು. ನೆಂದ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಅವರು ವ್ಯಾಪಾರಿಯನ್ನು ಪ್ರಶ್ನಿಸಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಜಮೀನಿನ ಮೇಲಿರುವ ಸಾಲ ಆ ಒಳಗಿನ ತೇವದಂತೆ. ಕೊಳ್ಳುವವನು ಕೇಳಲಿ, ಕೇಳದಿರಲಿ, ಪಹಣಿ ಮತ್ತು ಇಸಿಯನ್ನು ತಾನೇ ತಂದು ಮುಂದಿಡುವುದು ಮಾರುವವನ ಧರ್ಮ. ಬೆಲೆ ಮಾತಾಡುವ ಮೊದಲೇ ಹಾಗೆ ಇಟ್ಟರೆ ಕೊಳ್ಳುವವನು ಕೇಳುವ ಸಂಕೋಚದಿಂದಲೂ ಪಾರಾಗುತ್ತಾನೆ.

ನಮ್ಮೊಳಗಿನ ಕೈಸಾಲ ಮತ್ತು ಭೋಗ್ಯದ ವ್ಯವಹಾರಗಳ ಬಗ್ಗೆಯೂ ಒಂದು ಮಾತು. ನೂರು ರೂಪಾಯಿ ಅಥವಾ ಅದಕ್ಕೆ ಮೀರಿದ ಸಾಲಕ್ಕೆ ಮಾಡುವ ಅಡಮಾನ, ಹಕ್ಕುಪತ್ರಗಳನ್ನು ಒಪ್ಪಿಸಿ ಮಾಡುವ ಅಡಮಾನವೊಂದನ್ನು ಬಿಟ್ಟು, ನೋಂದಾಯಿತ ಪತ್ರದ ಮೂಲಕವೇ ಆಗಬೇಕೆಂದು ಕಾನೂನು ಹೇಳುತ್ತದೆ. ಬಿಳಿ ಹಾಳೆಯಲ್ಲಿ ಬರೆದು ತೋಟವನ್ನು ಬಿಟ್ಟುಕೊಟ್ಟರೆ ಕೊಟ್ಟವನಿಗೂ ಪಡೆದವನಿಗೂ ಭದ್ರತೆಯಿಲ್ಲ. ಸಾಲ ಕೊಟ್ಟವನು ಒತ್ತೆಯ ತೋಟದ ಫಸಲನ್ನೂ ತಿನ್ನುವುದು ಬಡ್ಡಿಯ ಬಾಗಿಲು ತೆರೆಯುತ್ತದೆಯೇ ಎಂಬುದನ್ನು ಹತ್ತಿರದ ಉಲಮಾಗಳ ಬಳಿ ಕೇಳಿ ತಿಳಿದೇ ಮುಂದುವರಿಯಬೇಕು. ಪ್ರವಾದಿ(ಸ)ರು ಕೂಡ ಮನೆಯವರಿಗಾಗಿ ಪಡೆದ ಜವೆಗೋಧಿಗೆ ತಮ್ಮ ಕವಚವನ್ನು ಒಬ್ಬ ಯಹೂದಿಯ ಬಳಿ ಒತ್ತೆಯಿಟ್ಟಿದ್ದರು. ಅವರ ನಿಧನದ ಸಮಯದಲ್ಲಿ ಅದು ಒತ್ತೆಯಲ್ಲೇ ಇತ್ತು. ಒತ್ತೆಯಿಡುವುದು ಅವಮಾನವಲ್ಲ. ಅದನ್ನು ಮುಚ್ಚಿಡುವುದರಲ್ಲಿ, ಮಕ್ಕಳಿಗೂ ಹೇಳದೆ ಹೋಗುವುದರಲ್ಲಿ ಅಪಾಯವಿದೆ.

ಜಮಾಅತ್ ಏನು ಮಾಡಬಹುದು?

ಬರೆಯಬಲ್ಲವನು ಬರೆದುಕೊಡಲು ನಿರಾಕರಿಸಬಾರದೆಂಬ ಕುರ್‌ಆನಿನ ಆದೇಶ ಇಂದು ಯಾರಿಗೆ ಅನ್ವಯಿಸುತ್ತದೆ? ನಮ್ಮ ಮಹಲ್ಲುಗಳಲ್ಲಿ ಪದವಿ ಓದಿದ ಹುಡುಗರಿದ್ದಾರೆ, ಕಂಪ್ಯೂಟರ್ ಬಲ್ಲ ಹೆಣ್ಣುಮಕ್ಕಳಿದ್ದಾರೆ, ಒಬ್ಬಿಬ್ಬರು ವಕೀಲರೂ ಇರಬಹುದು. ಪಹಣಿ ಓದಲು ಬಾರದ ಹಿರಿಯರ ಪಾಲಿಗೆ ಆ ಸೂಕ್ತದ ಲಿಪಿಕಾರರು ಇವರೇ.

ಪ್ರತಿ ಜಮಾಅತ್ ತಿಂಗಳಿಗೊಮ್ಮೆ, ಜುಮಾ ನಮಾಝ್‌ನ ನಂತರ ಒಂದು ಗಂಟೆ ಇದಕ್ಕಾಗಿ ಮೀಸಲಿಡಲಿ. ಹಿರಿಯರು ಪಹಣಿ, ಸಾಲದ ಪುಸ್ತಕ, ಆಧಾರ್ ತರಲಿ. ಯುವಕರು ಹೆಸರು, ನಂಬರು ತಾಳೆ ನೋಡಿ ತಪ್ಪಿದ್ದನ್ನು ಗುರುತು ಹಾಕಿಕೊಡಲಿ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆಯಿರಲಿ. ತಂದೆಯ ಜಮೀನಿನ ಪಹಣಿಯನ್ನು ಒಮ್ಮೆಯೂ ಕಣ್ಣಾರೆ ನೋಡದ ಹೆಣ್ಣುಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ. ಇಲ್ಲಿ ಕಂಡ ವಿವರ ಹೊರಗೆ ಹೋಗಬಾರದು, ಒಬ್ಬರ ಸಾಲ ಇನ್ನೊಬ್ಬರ ಹರಟೆಯಾಗಬಾರದು. ಸಾವಿನ ಮನೆಯಲ್ಲಿ ನಾವು ಮಯ್ಯಿತ್‌ನ ಸಾಲವಿದ್ದರೆ ತಿಳಿಸಿರೆಂದು ಕೇಳುವ ಸಂಪ್ರದಾಯವಿದೆ. ಅದರ ಜೊತೆಗೆ ಒಂದು ವಾರದೊಳಗೆ ಮೃತರ ಹೆಸರಿನ ಎಲ್ಲ ಸರ್ವೆ ನಂಬರುಗಳ ಪಹಣಿ ಮತ್ತು ಇಸಿ ತೆಗೆಸುವುದನ್ನೂ ಸಂಪ್ರದಾಯವಾಗಿಸೋಣ. ಪೌತಿ ಖಾತೆ ಮತ್ತು ಪಾಲು ಅದರ ನಂತರವಾಗಲಿ.

ಮನೆಯ ಯಜಮಾನರಲ್ಲಿ ಒಂದು ವಿನಂತಿ. ಒಂದು ಸಣ್ಣ ಪುಸ್ತಕದಲ್ಲಿ ನೀವು ಪಡೆದ ಸಾಲ, ಕೊಟ್ಟ ಸಾಲ, ಒತ್ತೆಯಿಟ್ಟ ಪತ್ರ, ಅದು ಯಾವ ನಂಬರಿನ ಮೇಲಿದೆ, ಯಾವ ದಿನ ತೀರಿತು, ಯಾವ ದಿನ ದಾಖಲೆಯಿಂದ ಹೋಯಿತು ಎಂದು ಬರೆದಿಡಿ. ಆ ಪುಸ್ತಕ ಎಲ್ಲಿದೆಯೆಂದು ಪತ್ನಿಗೂ ದೊಡ್ಡ ಮಕ್ಕಳಿಗೂ ತಿಳಿದಿರಲಿ. ವಿಶ್ವಾಸಿಯ ಆತ್ಮ ಅವನ ಸಾಲದೊಂದಿಗೆ ತೂಗಿಕೊಂಡಿರುತ್ತದೆ ಎಂಬ ಅರ್ಥದ ಹದೀಸನ್ನು ನಾವು ಕೇಳಿದ್ದೇವೆ. ನಮ್ಮ ಸಾಲ ಎಷ್ಟಿದೆ, ಎಲ್ಲಿದೆ ಎಂಬುದೇ ಮಕ್ಕಳಿಗೆ ತಿಳಿಯದಿದ್ದರೆ ಅದನ್ನು ತೀರಿಸುವವರು ಯಾರು?

ಅಲ್ಲಾಹನು ನಮ್ಮನ್ನು ಸಾಲದ ಭಾರದಿಂದ ಮುಕ್ತಗೊಳಿಸಲಿ. ಸಾಲವಿರುವವರಿಗೆ ಅದನ್ನು ನ್ಯಾಯದಿಂದ ಬರೆಸುವ, ಪ್ರಾಮಾಣಿಕವಾಗಿ ತೀರಿಸುವ ಸಾಮರ್ಥ್ಯ ನೀಡಲಿ. ನಮ್ಮ ಅಕ್ಕತಂಗಿಯರ, ಅನಾಥರ ಹಕ್ಕಿನಲ್ಲಿ ನಮ್ಮ ಅಲಕ್ಷ್ಯದಿಂದ ಲೋಪವಾಗದಂತೆ ಕಾಪಾಡಲಿ. ಆಮೀನ್.